ಹನ್ನೊಂದು ನಿಮಿಷ ಮುಂದಿನ ಗಡಿಯಾರ

ಒಂಬತ್ತನೆಯ ಕಂತು

"ಬ್ಯಾಟರಿ ಕಿತ್ತು ಬಿಸಾಕಿ ಅಕ್ಕಾ. ಅದೇನು ಮಹಾ ವಿಷಯ?"

ಇನ್ಸ್‌ಪೆಕ್ಟರ್ ಇದನ್ನು ಮೂರನೆಯ ಸಲ ಹೇಳುತ್ತಿದ್ದರು. ಪರದೆಯ ನಡುವೆ ಒಂದು ಸಣ್ಣ ಚೌಕ, ಚೌಕದೊಳಗೆ ಮಿಟುಕುವ ಗೆರೆ. ಪಾಸ್‌ವರ್ಡ್ ಕೊಡದೆ ಕಂಪ್ಯೂಟರು ತನ್ನ ಮೂಲ ಸೆಟ್ಟಿಂಗುಗಳಿರುವ ಬಯೋಸ್ ಒಳಗೆ ಯಾರನ್ನೂ ಬಿಟ್ಟುಕೊಳ್ಳುವಂತಿರಲಿಲ್ಲ.

ರಿಪೇರಿ ಅಕ್ಕ ತಲೆ ಎತ್ತಲಿಲ್ಲ. ಕಂಪ್ಯೂಟರಿನ ಪಕ್ಕದ ತಗಡನ್ನು ಆಗಲೇ ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಒಳಗೆ ಧೂಳು ಹಿಡಿದ ಮದರ್‌ಬೋರ್ಡ್, ಅದರ ಮೂಲೆಯಲ್ಲಿ ನಾಣ್ಯದಷ್ಟಗಲದ ಬ್ಯಾಟರಿ.

"ಕಿತ್ರೆ ಬೀಗ ಹೋಗುತ್ತೆ ಸರ್. ಬೀಗದ ಜೊತೆ ಒಳಗಿರೋದೆಲ್ಲಾ ಹೋಗುತ್ತೆ. ಇಲಿ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟ ಹಾಗಾಗುತ್ತೆ."

"ಎಲ್ಲಾ ಅಂದ್ರೆ?"

"ಈ ಮಷಿನ್‌ಗೆ ಯಾರು ಏನೇನು ಹೇಳಿಟ್ಟಿದಾರೋ ಎಲ್ಲಾ. ಹಳೇ ಮಷಿನ್ ಇದು. ಕರೆಂಟ್ ವೈರ್ ಎಳೆದು, ಈ ಬ್ಯಾಟರೀನ ಐದು ನಿಮಿಷ ಹೊರಗಿಟ್ಟು ವಾಪಸ್ ಹಾಕಿದ್ರೆ ಸಾಕು, ಆಗ ತಾನೇ ಹುಟ್ಟಿದ ಮಗು. ಹಿಂದಿನ ಜನ್ಮದ ನೆನಪೇ ಇರಲ್ಲ."

"ಓಹೋ. ಅಷ್ಟು ಸುಲಭಾನಾ?" ಇನ್ಸ್‌ಪೆಕ್ಟರ್ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ, ಪಾಠ ಕೇಳುವವರ ಹಾಗೆ ಬ್ಯಾಟರಿಯನ್ನು ನೋಡಿದರು.

"ಕೆಡಿಸೋದು ಯಾವತ್ತಿಗೂ ಸುಲಭ ಸರ್."

ಇದು ನಕ್ಷೆಯವರ ಕಚೇರಿ. ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುತ್ತಿದ್ದ ಆ ಮುದುಕರು ಹತ್ತೊಂಬತ್ತು ದಿನಗಳ ಹಿಂದೆ ಇದೇ ಮೇಜಿನ ಮೇಲೆ ತಲೆಯಿಟ್ಟು ಸತ್ತಿದ್ದರು. ತಲೆಯ ಹಿಂದೆ ಕಬ್ಬಿಣದ ಪೇಪರ್‌ವೇಟಿನ ಏಟು ಬಿದ್ದಿತ್ತು. ಬೆಳಿಗ್ಗೆ ಆರರಿಂದ ಎಂಟರ ನಡುವೆ ಎಂದು ಡಾಕ್ಟರು ಬರೆದಿದ್ದರು.

ಆಸ್ತಿಗೆ ವಾರಸುದಾರನಾದ ಸೋದರಳಿಯ ಆರೂಮುಕ್ಕಾಲರ ರೈಲಿಗೆ ಊರು ಬಿಟ್ಟಿದ್ದ. ರೈಲಿನಲ್ಲಿ ಅವನನ್ನು ನೋಡಿದವರು ಹತ್ತು ಜನ. ಏಳು ಗಂಟೆಗೆ ಗುಡಿಸಲು ಬಂದವಳು ಚಿಕ್ಕಮ್ಮ. ಕಂಪ್ಯೂಟರು ಏಳು ಗಂಟೆ ಐದು ನಿಮಿಷಕ್ಕೆ ಚಾಲೂ ಆಗಿದೆ ಎಂದು ಅದರ ದಾಖಲೆಯೇ ಹೇಳುತ್ತಿತ್ತು. ಸತ್ತವರು ಗುಂಡಿ ಒತ್ತುವುದಿಲ್ಲ. ಹಾಗಾದರೆ ಏಳೂ ಐದಕ್ಕೆ ಮುದುಕರು ಬದುಕಿದ್ದರು, ಜೊತೆಯಲ್ಲಿ ಚಿಕ್ಕಮ್ಮ ಒಬ್ಬಳೇ ಇದ್ದಳು. ಪೊಲೀಸರ ಲೆಕ್ಕ ಅಷ್ಟಕ್ಕೇ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅವರಿಗೇನು ಹೊಸದಲ್ಲ.

ಚಿಕ್ಕಮ್ಮ ಹುಟ್ಟಿನಿಂದ ಯಾರಿಗೂ ಚಿಕ್ಕಮ್ಮನಲ್ಲ. ಇಡೀ ಬೀದಿ ಅವಳನ್ನು ಹಾಗೆ ಕರೆಯುತ್ತಿತ್ತು. ಅಕ್ಕನ ಅಂಗಡಿಯನ್ನೂ ಅವಳೇ ಗುಡಿಸುತ್ತಿದ್ದಳು. ನೆಲಕ್ಕೆ ಬಿದ್ದ ಸಣ್ಣ ಸ್ಕ್ರೂಗಳನ್ನು ಕಸದಿಂದ ಒಂದೊಂದಾಗಿ ಆರಿಸಿ ಬೆಂಕಿಪೊಟ್ಟಣಕ್ಕೆ ತುಂಬಿ, "ನಿನ್ನ ಮುತ್ತು ತಗೊಳ್ಳಮ್ಮಾ" ಎಂದು ಮೇಜಿನ ಮೇಲಿಡುತ್ತಿದ್ದಳು. ಅಂಥವಳು ಹತ್ತೊಂಬತ್ತು ದಿನದಿಂದ ಲಾಕಪ್ಪಿನಲ್ಲಿ ಮೊಣಕಾಲು ಹಿಡಿದು ಕೂತಿದ್ದಳು.

ಹೋದ ವಾರ ನ್ಯಾಯಾಧೀಶರು ಒಂದೇ ಒಂದು ಪ್ರಶ್ನೆ ಕೇಳಿದ್ದರು. ಕಂಪ್ಯೂಟರ್ ತಾನಾಗಿಯೇ ಚಾಲೂ ಆಗುವುದು ಸಾಧ್ಯವೇ, ಯಾರಾದರೂ ನೋಡಿದಿರಾ? ಯಾರೂ ನೋಡಿರಲಿಲ್ಲ. ಅದನ್ನು ನೋಡಿ ಹೇಳಲು ಅಕ್ಕನನ್ನು ಕರೆಸಿದ್ದರು. ಇವತ್ತು ಮಧ್ಯಾಹ್ನ ಮೂರಕ್ಕೆ ಉತ್ತರ ಕೊಡಬೇಕಿತ್ತು. ಉತ್ತರವಿಲ್ಲದಿದ್ದರೆ ಚಿಕ್ಕಮ್ಮ ದೊಡ್ಡ ಜೈಲಿಗೆ. ಅಲ್ಲಿಂದ ಅವಳಂಥವರು ಬೇಗ ಹೊರಗೆ ಬರುವುದಿಲ್ಲ.

"ಹನ್ನೆರಡೂಕಾಲಾಯ್ತು," ಎಂದರು ಇನ್ಸ್‌ಪೆಕ್ಟರ್. "ಎಷ್ಟೊತ್ತು ಊಹೆ ಮಾಡ್ತಾ ಕೂರ್ತೀರಾ? ಆಗಲ್ಲ ಅಂತ ಬರೆದುಕೊಟ್ಟು ಎದ್ಬಿಡಿ. ನಾನೂ ಹಾಗೇ ಕೋರ್ಟಿಗೆ ಹೇಳ್ತೀನಿ."

ಅಕ್ಕ ಸತ್ತವರ ಹುಟ್ಟಿದ ವರ್ಷ ಹಾಕಿದಳು. ಫೋನ್ ನಂಬರು ಹಾಕಿದಳು. ಕಾರ್ಖಾನೆಯವರು ಇಡುವ ಸಾಮಾನ್ಯ ಪದಗಳನ್ನೆಲ್ಲ ಹಾಕಿ ನೋಡಿದಳು. ಮೂರು ತಪ್ಪಾದ ಕೂಡಲೇ ಮಷಿನ್ ಮುನಿಸಿಕೊಂಡು ಸ್ತಬ್ಧವಾಗುತ್ತಿತ್ತು. ಆರಿಸಿ, ಹೊತ್ತಿಸಿ, ಡಿಲೀಟ್ ಕೀಲಿ ಒತ್ತುತ್ತ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

ಐದನೆಯ ಸಲ ಚೌಕ ಬಂದಾಗ ಅವಳು ಯೋಚನೆ ಬೇರೆ ಕಡೆ ಇಟ್ಟಿದ್ದಳು. ದಿನಕ್ಕೆ ಹತ್ತು ಸಲ ಒತ್ತುವ ಆರು ಅಂಕಿಗಳನ್ನು ಬೆರಳುಗಳು ತಾವಾಗಿಯೇ ಒತ್ತಿದವು.

ಬೀಗ ತೆರೆಯಿತು.

ಅಕ್ಕ ಕೀಲಿಗಳಿಂದ ಕೈ ಹಿಂದಕ್ಕೆ ತೆಗೆದಳು. ಆ ಆರು ಅಂಕಿ ಅವಳ ಅಪ್ಪನ ಹಳೆಯ ಸ್ಕೂಟರಿನ ನಂಬರು, ಹಿಂದುಮುಂದಾಗಿ. ಅಂಗಡಿಯಿಂದ ಹೊರಡುವ ಪ್ರತಿ ಮಷಿನ್ನಿಗೂ ಈ ಬೀಗ ಹಾಕುವುದು ಅಪ್ಪನ ಕಾಲದ ಪದ್ಧತಿ. ಬೇರೆಯವರು ಕೈಹಾಕಿ ಕೆಡಿಸಬಾರದು ಎಂದು ಅಪ್ಪ ಹೇಳುತ್ತಿದ್ದ. ಗಿರಾಕಿ ಬೇರೆ ಅಂಗಡಿಯ ಮೆಟ್ಟಿಲು ಹತ್ತಬಾರದು ಎನ್ನುವುದು ಅವನ ಮನಸ್ಸಿನಲ್ಲಿದ್ದ ಮಾತು. ಅಪ್ಪ ಹೋಗಿ ಆರು ವರ್ಷವಾಗಿತ್ತು. ಈಗ ಆ ನಂಬರು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಒಬ್ಬಳು ತಾನು, ಇನ್ನೊಬ್ಬ ತಮ್ಮ.

ಈ ಮಷಿನ್ ತನ್ನ ಕೈಗೆ ಎಂದೂ ಬಂದಿರಲಿಲ್ಲ. ಅದು ಅವಳಿಗೆ ದೇವರಾಣೆಗೂ ಗೊತ್ತಿತ್ತು.

"ಭಲೇ!" ಇನ್ಸ್‌ಪೆಕ್ಟರ್ ಹಿಂದಿನಿಂದ ಬಗ್ಗಿದರು. ದನಿಯಲ್ಲಿ ಸಂತೋಷವೇನೂ ಇರಲಿಲ್ಲ. "ಹೇಗೆ ತೆಗೆದ್ರಿ?"

"ಊಹೆ ಸರ್. ಕೆಲವು ಅಂಗಡಿಯವರು ಇಡೋ ನಂಬರು."

"ಯಾವ ಅಂಗಡಿಯವರು?"

ಅಕ್ಕ ಕೇಳಿಸದವಳ ಹಾಗೆ ಬಾಣದ ಕೀಲಿ ಒತ್ತಿದಳು. ಮೊದಲ ಪುಟದಲ್ಲೇ ತಾರೀಕು, ಸಮಯ. ತನ್ನ ಕೈಗಡಿಯಾರ ನೋಡಿದಳು. ಹನ್ನೆರಡು ಇಪ್ಪತ್ತೆರಡು. ಪರದೆಯಲ್ಲಿ ಹನ್ನೆರಡು ಮೂವತ್ತಮೂರು.

ಹನ್ನೊಂದು ನಿಮಿಷ ಮುಂದೆ.

ಊರಿಗೆಲ್ಲ ಒಂದು ದಾರಿಯಾದರೆ ಅಪ್ಪನಿಗೇ ಒಂದು ದಾರಿ. ಅಂಗಡಿಯ ಗೋಡೆ ಗಡಿಯಾರವನ್ನು ಅವನು ಹನ್ನೊಂದು ನಿಮಿಷ ಮುಂದಿಟ್ಟಿದ್ದ. ಗಿರಾಕಿಗೆ ಐದಕ್ಕೆ ಎಂದು ಹೇಳಿದರೆ ಹನ್ನೊಂದು ನಿಮಿಷ ಮೊದಲೇ ಕೆಲಸ ಮುಗಿದಿರಬೇಕು, ಅದಕ್ಕೆ. ಮಷಿನ್‌ಗಳ ಸಮಯವನ್ನೂ ಅದೇ ಗಡಿಯಾರ ನೋಡಿ ಇಡುತ್ತಿದ್ದ. ಇಂಟರ್‌ನೆಟ್ ಇರುವ ಕಂಪ್ಯೂಟರು ತನ್ನ ಸಮಯವನ್ನು ತಾನೇ ತಿದ್ದಿಕೊಳ್ಳುತ್ತದೆ. ವೈರಸ್ಸಿಗೆ ಹೆದರಿ ನೆಟ್ಟೇ ಹಾಕಿಸದ ನಕ್ಷೆಯವರ ಮಷಿನ್ನು ತಿದ್ದಿಕೊಂಡಿರಲಿಲ್ಲ. ಅಪ್ಪ ಹೋದ ಮೇಲೆ ಅಕ್ಕ ಕೈಗಡಿಯಾರ ನೋಡಿ ಸರಿಯಾದ ಸಮಯ ಇಡತೊಡಗಿದಳು. ತಮ್ಮ ಮಾತ್ರ ಇವತ್ತಿಗೂ ಗೋಡೆ ನೋಡಿಯೇ ಇಡುತ್ತಿದ್ದ. ಅಪ್ಪನೇ ಇಟ್ಟದ್ದಾಗಿದ್ದರೆ ಆರು ವರ್ಷದಲ್ಲಿ ಆ ಹನ್ನೊಂದು ನಿಮಿಷ ಹೆಚ್ಚುಕಡಿಮೆಯಾಗದೆ ಉಳಿಯುತ್ತಿರಲಿಲ್ಲ.

ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಉಳಿದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ವಿದ್ಯುತ್ತಿಗೆ ಸಂಬಂಧಪಟ್ಟ ಪುಟಕ್ಕೆ ಹೋದಳು. ಮಷಿನ್ ಎಷ್ಟು ಹೊತ್ತಿಗೆ ತಾನಾಗಿ ಏಳಬೇಕು ಎಂದು ಅಲಾರಂ ಇಡುವ ಜಾಗ ಅಲ್ಲಿರುತ್ತದೆ. ಕಾರ್ಖಾನೆಯಿಂದ ಬರುವಾಗ ಅದು ಮುಚ್ಚಿಯೇ ಇರುತ್ತದೆ. ಅದನ್ನು ತೆರೆಯುವವರು ಸಾವಿರಕ್ಕೊಬ್ಬರು.

ಇಲ್ಲಿ ತೆರೆದಿತ್ತು. ಪ್ರತಿದಿನ. ಗಂಟೆ ಏಳು, ನಿಮಿಷ ಐದು, ಸೆಕೆಂಡು ಸೊನ್ನೆ.

"ಸರ್, ನೋಡಿ." ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟಳು. "ಗುಂಡಿ ಯಾರೂ ಒತ್ತಿಲ್ಲ. ಮಷಿನ್ ತಾನಾಗೇ ಎದ್ದಿದೆ. ಅದೂ ನಿಜವಾದ ಸಮಯದ ಪ್ರಕಾರ ಏಳಕ್ಕೆ ಆರು ನಿಮಿಷ ಇರೋವಾಗ. ಚಿಕ್ಕಮ್ಮ ಇನ್ನೂ ಮೆಟ್ಟಿಲೂ ಹತ್ತಿರಲಿಲ್ಲ. ನಕ್ಷೆಯವರು ಆರೂವರೆಗೇ ಸತ್ತಿದ್ರೂ ಇದು ತನ್ನ ಪಾಡಿಗೆ ತಾನು ಎದ್ದು ಕೂತಿರುತ್ತೆ."

ಇನ್ಸ್‌ಪೆಕ್ಟರ್ ತುಂಬ ಹೊತ್ತು ಪರದೆ ನೋಡಿದರು.

"ಸೋದರಳಿಯನಿಗೆ ಕಂಪ್ಯೂಟರ್ ಅಂದ್ರೆ ಅ ಆ ಇ ಈ ಗೊತ್ತಿಲ್ಲ," ಎಂದರು ನಿಧಾನವಾಗಿ. "ಗೊತ್ತಿರೋ ಯಾರೋ ಮಾಡಿಕೊಟ್ಟಿದಾರೆ. ಅವನನ್ನ ಹಿಡಿದ್ರೆ ಕೊಲೆಗೆ ಪಾಲುದಾರ ಅಂತ ಒಳಗೆ ಹಾಕ್ಬಹುದು. ಅಲ್ವಾ ಅಕ್ಕಾ?"

ಅಕ್ಕ ಮಾತು ತಿರುಗಿಸಿದಳು. "ಇದನ್ನ ಫೋಟೋ ತೆಗೆದುಕೊಳ್ಳಿ ಸರ್" ಎಂದಳು. ಅವಳ ಫೋನನ್ನು ಬರುವಾಗಲೇ ಬಾಗಿಲಲ್ಲಿದ್ದ ಪೇದೆ ಇಸಿದುಕೊಂಡಿದ್ದ.

"ಹಾಗೆಲ್ಲ ಮಾಡೋಕಾಗಲ್ಲ. ಇಬ್ಬರು ಸಾಕ್ಷಿ ಕರೆಸಿ ಅವರ ಮುಂದೆ ಬರೆಸ್ಬೇಕು, ಆಮೇಲೆ ಫೋಟೋ. ಮಷಿನ್ ಆರಿಸಿ. ಎರಡು ಗಂಟೆಗೆ ಸರಿಯಾಗಿ ಬನ್ನಿ. ಅಷ್ಟರಲ್ಲಿ ಸಾಕ್ಷಿ ಕರೆಸಿರ್ತೀನಿ."

ಬೇರೆ ದಿನವಾಗಿದ್ದರೆ ಅಕ್ಕ ಜಗಳವಾಡುತ್ತಿದ್ದಳು. ಈಗಲೇ ಬರೆಸಿ, ನಾನು ಇಲ್ಲಿಂದ ಏಳುವುದಿಲ್ಲ ಎನ್ನುತ್ತಿದ್ದಳು. ಇವತ್ತು ಅವಳಿಗೆ ಒಂದು ಗಂಟೆಯ ಬಿಡುವು ಬೇಕಿತ್ತು. ಪೊಲೀಸರಿಗಿಂತ ಮೊದಲು ತಮ್ಮನ ಮುಖ ನೋಡಬೇಕಿತ್ತು. ತಾನಾಗಿ ಸಿಕ್ಕ ಆ ಬಿಡುವಿಗೆ ಅವಳು ಒಳಗೊಳಗೇ ಖುಷಿಪಟ್ಟಳು. ಆ ಖುಷಿಯನ್ನು ಅವಳು ಮುಂದೆ ಎಷ್ಟೋ ದಿನ ಶಪಿಸಿಕೊಂಡಳು.

ತಗಡು ಮುಚ್ಚದೆಯೇ ಎದ್ದು ಹೊರಟಳು.

* * *

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ತಮ್ಮ ಹಿಂದಿನ ಮೇಜಿಗೆ ಕೂತು ಯಾವುದೋ ಫ್ಯಾನಿನ ಧೂಳನ್ನು ಬ್ರಷ್ಷಿನಿಂದ ಕೆದಕುತ್ತಿದ್ದ. ನಲವತ್ತು ದಾಟಿದ ಗಂಡಸು. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು.

ಅಕ್ಕ ಶಟರನ್ನು ಅರ್ಧಕ್ಕೆ ಎಳೆದಳು. ಆ ಸದ್ದಿಗೇ ಅವನ ಕೈ ನಿಂತಿತು.

"ನಕ್ಷೆಯವರ ಮಷಿನ್ ಬೀಗ ತೆಗೆದೆ," ಎಂದಳು. "ಯಾವ ನಂಬರಿಂದ ಅಂತ ಹೇಳ್ಬೇಕಾ?"

ತಮ್ಮ ಬ್ರಷ್ಷು ಕೆಳಗಿಟ್ಟ. "ಯಾವ ಮಷಿನ್?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಮುಖ ನಿಂದು. ಸುಳ್ಳು ಹೇಳೋಕೆ ಹೋಗ್ಬೇಡ. ಗಡಿಯಾರ ಹನ್ನೊಂದು ನಿಮಿಷ ಮುಂದಿದೆ ಕಣೋ. ಕದ್ದು ಮಾಡೋ ಕೆಲಸಕ್ಕೂ ಅಪ್ಪನ ಬೀಗ ಹಾಕಿ, ಅಪ್ಪನ ಗಡಿಯಾರ ನೋಡಿ ಸಮಯ ಇಟ್ಟಿದ್ದೀಯಲ್ಲೋ. ನಿನಗೆ ಏನನ್ಬೇಕು?"

ಅವನು ತಲೆ ತಗ್ಗಿಸಿದ. "ಕೈಗೆ ಬೇರೆ ಥರ ಮಾಡೋಕೆ ಬರಲ್ಲ" ಎಂದ.

ಅದು ನಿಜವೆಂದು ಅಕ್ಕನಿಗೂ ಗೊತ್ತಿತ್ತು. ಅದೇ ನಂಬರನ್ನು ತನ್ನ ಬೆರಳೂ ತಾನಾಗಿ ಒತ್ತಿತ್ತಲ್ಲ. ಆ ನೆನಪಿಗೆ ಸಿಟ್ಟು ಇನ್ನೂ ಏರಿತು.

"ಯಾಕೆ ಮಾಡ್ದೆ?"

"ಕೊಲೆ ಆಗುತ್ತೆ ಅಂತ ಹೇಳಿ ತಂದುಕೊಟ್ರಾ? ಧೂಳು ತೆಗಿ ಅಂದ್ರು. ಮುದುಕರ ಮಷಿನ್ ಏಳೋಕೆ ಹತ್ತು ನಿಮಿಷ ತಗೊಳ್ಳುತ್ತೆ, ಅವರು ಬಂದು ಕೂರೋ ಹೊತ್ತಿಗೆ ತಾನೇ ಎದ್ದಿರ್ಲಿ, ಏಳೂ ಐದಕ್ಕೆ ಇಡು ಅಂದ್ರು. ಬ್ಯಾಂಕಿನವರಿಗೂ ಹಾಗೇ ಇಟ್ಟುಕೊಟ್ಟಿದ್ವಲ್ಲ ನಾವು. ತಪ್ಪೇನಿದೆ ಅಂತ ಇಟ್ಟೆ."

"ಸರಿ. ಅವತ್ತು ಗೊತ್ತಿರ್ಲಿಲ್ಲ. ಮೂರು ದಿನ ಆದ್ಮೇಲೆ ಗೊತ್ತಾಯ್ತಲ್ಲ? ಚಿಕ್ಕಮ್ಮನ್ನ ಎಳ್ಕೊಂಡು ಹೋಗೋವಾಗ ನೀನು ಇದೇ ಬಾಗಿಲಲ್ಲಿ ನಿಂತಿದ್ದೆ. ನಾನು ನೋಡಿದ್ದೀನಿ. ಟೀ ಲೋಟ ಹಿಡ್ಕೊಂಡು ನಿಂತಿದ್ದೆ."

ಅವನು ಬ್ರಷ್ಷನ್ನು ಮೇಜಿನ ಮೇಲೆ ಅತ್ತಿತ್ತ ಉರುಳಿಸತೊಡಗಿದ.

"ಹತ್ತೊಂಬತ್ತು ದಿನ! ನಿನಗೆ ಅನ್ನ ಹೇಗೆ ಇಳೀತೋ?"

"ಇಳೀತಿಲ್ಲ," ಎಂದ ತಮ್ಮ. ಅವನ ಶರ್ಟು ಭುಜದಿಂದ ಜೋತುಬಿದ್ದದ್ದನ್ನು ಅಕ್ಕ ಆಗಲೇ ಸರಿಯಾಗಿ ನೋಡಿದ್ದು. ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದೂ ಇಷ್ಟು ದಿನ ನೋಡಿರಲಿಲ್ಲ.

"ಯಾರು ತಂದುಕೊಟ್ಟಿದ್ದು? ಆ ಸೋದರಳಿಯನಾ?"

"ಅವನಾಗಿದ್ರೆ ಅವತ್ತೇ ನಿನ್ನ ಹತ್ರ ಹೇಳ್ತಿದ್ದೆ. ಅವನಿಗೆ ನಾನ್ಯಾಕೆ ಹೆದರ್ಲಿ?"

"ಮತ್ತೆ?"

"ಹೇಳಲ್ಲ."

"ಲೋ, ಮೂರು ಗಂಟೆಗೆ ಅವಳನ್ನ ಜೈಲಿಗೆ ಕಳಿಸ್ತಾರೆ ಕಣೋ!"

"ಹೇಳಿದ್ರೆ ನನ್ನ ಕಳಿಸ್ತಾರೆ! ಚಿಕ್ಕಮ್ಮನ್ನ ಹಿಡಿದ ಮಾರನೇ ದಿನ ಫೋನ್ ಬಂತು. 'ನಿನ್ನ ಕೈ ಗುರುತು ಆ ಮಷಿನ್ ಒಳಗೆಲ್ಲಾ ಇದೆ, ಬಾಯಿ ತೆಗೆದ್ರೆ ಎರಡನೇ ಆರೋಪಿ ನೀನೇ' ಅಂದ್ರು. ಬಿಸಿ ತುಪ್ಪ ಅಕ್ಕ ಇದು. ನುಂಗೋಕೂ ಆಗ್ತಿಲ್ಲ, ಉಗುಳೋಕೂ ಆಗ್ತಿಲ್ಲ."

"ಮೊದಲು ಬಂದು ನನಗೆ ಹೇಳ್ಬಹುದಿತ್ತಲ್ಲ."

ತಮ್ಮ ನಕ್ಕ. ಒಳ್ಳೆಯ ನಗುವಲ್ಲ ಅದು. "ನಿನಗಾ? ಅಪ್ಪ ಸಾಯೋವಾಗ ಕೀಲಿಕೈ ನಿನಗೆ ಕೊಟ್ಟು ಏನಂದ? ನೆನಪಿದೆಯಾ? 'ಅವನ ಕೈ ಚೆನ್ನಾಗಿದೆ, ಇಲ್ಲ ಅನ್ನೋಕೆ ಬಾಯಿ ಬರಲ್ಲ' ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಅವತ್ತಿಂದ ನೀನು ನನ್ನನ್ನ ಗಿರಾಕಿ ಜೊತೆ ಮಾತಾಡೋಕೂ ಬಿಟ್ಟಿಲ್ಲ. ಹಿಂದೆ ಕೂತು ಧೂಳು ತೆಗಿ. ಆರು ವರ್ಷ ಧೂಳು ತೆಗೆದಿದ್ದೀನಿ. ಒಂದು ದಿನ ನೀನಿಲ್ಲದಾಗ ಒಬ್ಬ ದೊಡ್ಡ ಮನುಷ್ಯ ಬಂದು, ನನ್ನೇ ಕೇಳಿ, 'ಈ ಬೀದೀಲಿ ನಿನ್ನ ಕೈಯಂಥ ಕೈ ಇಲ್ಲವಂತೆ' ಅಂದ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಮೋಸ ಹೋಗಬಾರದೆಂದು ಹಿಂದೆ ಕೂರಿಸಿದ್ದಳು. ಹಿಂದೆ ಕೂತದ್ದಕ್ಕೇ ಅವನು ಮೋಸ ಹೋದ.

"ನಡಿ," ಎಂದಳು ಕೊನೆಗೆ. "ನಾನು ಜೊತೆಗಿರ್ತೀನಿ. ಇನ್ಸ್‌ಪೆಕ್ಟರ್ ಹತ್ರ ಎಲ್ಲಾ ಹೇಳ್ಬಿಡೋಣ. ಗೊತ್ತಿಲ್ಲದೆ ಮಾಡಿದ್ದು ಅಂತ ನಾನು ಹೇಳ್ತೀನಿ."

"ಬೇಲಿನೇ ಎದ್ದು ಹೊಲ ಮೇಯೋವಾಗ ಯಾರಿಗೆ ಅಂತ ದೂರು ಕೊಡ್ತೀಯಕ್ಕ?"

ಆ ಮಾತು ತನಗೇ ಚುಚ್ಚಿದ್ದು ಎಂದುಕೊಂಡಳು ಅಕ್ಕ. ಕಾಯಬೇಕಾದ ಅಕ್ಕನೇ ಅಂಗಡಿ ನುಂಗಿದಳು ಎನ್ನುವುದು ಅವನ ಹಳೆಯ ಕೊರಗು. ಅವಳು ಮುಖ ತಿರುಗಿಸಿ ಗೋಡೆ ನೋಡಿದಳು. ಗಡಿಯಾರದಲ್ಲಿ ಒಂದು ಗಂಟೆ ಹತ್ತೊಂಬತ್ತು ನಿಮಿಷ. ಹನ್ನೊಂದು ಕಳೆದರೆ ಒಂದೂ ಎಂಟು. ಇನ್ನೂ ಹೊತ್ತಿದೆ.

"ನಿನ್ನ ಅಂಗಡಿ ನೀನೇ ಇಟ್ಕೋ," ಎಂದಳು. "ಸಂಜೆನೇ ಕೀಲಿಕೈ ಕೊಡ್ತೀನಿ. ಈಗ ಎದ್ದು ಬಾ."

ತಮ್ಮ ಏಳಲಿಲ್ಲ. ಅರ್ಧ ಗಂಟೆ ಅವಳು ಬೈದಳು, ಅತ್ತಳು, ಕೈಮುಗಿದಳು. ಒಂದೂಮುಕ್ಕಾಲರ ಹೊತ್ತಿಗೆ ಅವನು ಮುಖ ತೊಳೆದು ಬರುತ್ತೇನೆಂದು ಹಿಂದಕ್ಕೆ ಹೋದ. ನಲ್ಲಿಯ ಸದ್ದು ಕೇಳಿಸಿತು. ಐದು ನಿಮಿಷವಾದರೂ ನಿಲ್ಲಲಿಲ್ಲ.

ಅಕ್ಕ ಹೋಗಿ ನೋಡಿದಾಗ ನಲ್ಲಿ ಸುರಿಯುತ್ತಿತ್ತು, ಹಿತ್ತಿಲ ಬಾಗಿಲು ತೆರೆದಿತ್ತು.

* * *

ನಕ್ಷೆಯವರ ಕಚೇರಿ ಎರಡು ಬೀದಿ ಆಚೆ. ಓಡುತ್ತಲೇ ಹೋದಳು. ಮೆಟ್ಟಿಲು ಹತ್ತಿದಾಗ ಬಾಗಿಲಲ್ಲಿ ಪೇದೆ ಕಡ್ಡಿಯಲ್ಲಿ ಹಲ್ಲು ಕೆದಕುತ್ತ ಕೂತಿದ್ದ. ನಿವೃತ್ತಿಗೆ ವರ್ಷವೋ ಎರಡು ವರ್ಷವೋ ಇದ್ದ ಸಾಧು ಮನುಷ್ಯ.

"ಊಟ ಆಯ್ತೇನಕ್ಕ?" ಎಂದ, ಅವಳ ಫೋನನ್ನು ಮತ್ತೆ ಇಸಿದುಕೊಳ್ಳುತ್ತ. "ನಂದು ಇವತ್ತು ಭರ್ಜರಿ ಆಯ್ತು. ಯಾವತ್ತೂ ನಿಂತ್ಕೊಂಡೇ ತಿನ್ನೋನು. ಒಂದು ಗಂಟೆಗೆ ಸಾಹೇಬ್ರೇ 'ಹೋಗಿ ನಿಧಾನಕ್ಕೆ ಊಟ ಮಾಡ್ಕೊಂಡು ಬಾ, ನಾನು ಕೂತಿರ್ತೀನಿ' ಅಂದ್ರು. ಒಂದೂವರೆಗೆ ಬಂದೆ ನೋಡಿ."

ಅಕ್ಕನಿಗೆ ಆ ಮಾತು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಒಳಗೆ ಇನ್ಸ್‌ಪೆಕ್ಟರ್ ಒಬ್ಬರೇ ಕೂತಿದ್ದರು. ಸಾಕ್ಷಿಗಳೆಂದು ಯಾರೂ ಇರಲಿಲ್ಲ.

"ಬನ್ನಿ. ಸಾಕ್ಷಿಗಳು ದಾರೀಲಿದಾರೆ. ಅಷ್ಟರಲ್ಲಿ ಆ ಪುಟ ತೆಗೆದಿಡಿ."

ಅಕ್ಕ ಗುಂಡಿ ಒತ್ತಿದಳು. ಡಿಲೀಟ್ ಕೀಲಿಯ ಮೇಲೆ ಬೆರಳಿಟ್ಟಳು.

ಬೀಗದ ಚೌಕ ಬರಲಿಲ್ಲ.

ಪರದೆ ನೇರವಾಗಿ ಒಳಗೆ ಬಿಟ್ಟುಕೊಂಡಿತು. ಪಾಸ್‌ವರ್ಡ್ ಇಲ್ಲ. ಅಲಾರಂ ಮುಚ್ಚಿದೆ. ತಾರೀಕು ಎಷ್ಟೋ 'ಜನವರಿ ಒಂದು'ಗಳ ಹಿಂದಿನ ಜನವರಿ ಒಂದು. ಎಲ್ಲವೂ ಕಾರ್ಖಾನೆಯಿಂದ ಬಂದ ದಿನದ ಹಾಗೆ. ಚಿಕ್ಕಮ್ಮನನ್ನು ಬಿಡಿಸಬಹುದಾಗಿದ್ದ ಒಂದೇ ಒಂದು ಸಾಲು ಲೋಕದಲ್ಲಿ ಎಲ್ಲಿಯೂ ಉಳಿದಿರಲಿಲ್ಲ.

"ಅಯ್ಯಯ್ಯೋ," ಎಂದರು ಇನ್ಸ್‌ಪೆಕ್ಟರ್. "ಯಾರೋ ಬ್ಯಾಟರಿ ತೆಗೆದುಬಿಟ್ಟಿದಾರಲ್ಲ!"

ಅಕ್ಕನ ಕಣ್ಣ ಮುಂದೆ ಸುರಿಯುವ ನಲ್ಲಿ, ತೆರೆದ ಹಿತ್ತಿಲ ಬಾಗಿಲು. ಪಾಪಿ, ಎಂದಿತು ಅವಳ ಮನಸ್ಸು. ನನಗಿಂತ ಮೊದಲು ಓಡಿಬಂದು ಅಳಿಸಿದೆಯಾ? ಸಿಕ್ಕ ಬಿಡುವನ್ನು ತಮ್ಮನಿಗೆಂದು ಖರ್ಚು ಮಾಡಿದ್ದಳು. ಅವನು ಅದರಿಂದಲೇ ಒಬ್ಬ ಬಡವಿಯ ಕುತ್ತಿಗೆ ಬಿಗಿದ.

"ನಿಮ್ಮ ತಮ್ಮನೂ ಇದೇ ಕೆಲಸದವನಲ್ವಾ?" ಇನ್ಸ್‌ಪೆಕ್ಟರ್ ದನಿ ಮೆತ್ತಗಾಯಿತು. "ನಾನೇನೂ ಹೇಳಲ್ಲಪ್ಪ. ಅಕ್ಕ ತಮ್ಮ ಅಂದ್ಮೇಲೆ ಕರುಳು ಇರುತ್ತೆ. ಒಂದು ದಾರಿ ಇದೆ. ಒಳಗೆ ಅಲಾರಂ ಗಿಲಾರಂ ಏನೂ ಇರ್ಲಿಲ್ಲ, ಮಷಿನ್ ತಾನಾಗಿ ಏಳೋಕೆ ಸಾಧ್ಯವಿಲ್ಲ ಅಂತ ಬರೆದು ಸಹಿ ಹಾಕಿ. ನಿಮ್ಮ ತಮ್ಮನ ಸುದ್ದಿಗೆ ಯಾರೂ ಬರಲ್ಲ. ಇಲ್ಲಾ ಅಂದ್ರೆ ಸಾಕ್ಷಿ ನಾಶ, ಕೊಲೆಗೆ ಸಹಾಯ. ಹದಿನಾಲ್ಕು ವರ್ಷ."

ಮೇಜಿನ ಮೇಲೆ ಹಾಳೆ ಸಿದ್ಧವಾಗಿತ್ತು. ಪೆನ್ನೂ ಇತ್ತು.

ಅತ್ತ ದರಿ, ಇತ್ತ ಪುಲಿ. ಅಕ್ಕ ಪೆನ್ನು ಕೈಗೆತ್ತಿಕೊಂಡಳು. ನಾಚಿಕೆಯಿಲ್ಲದೆ ಹೇಳಬೇಕೆಂದರೆ, ಆ ಕ್ಷಣದಲ್ಲಿ ಅವಳು ಸಹಿ ಹಾಕುವವಳೇ ಇದ್ದಳು. ಚಿಕ್ಕಮ್ಮನ ಬೆಂಕಿಪೊಟ್ಟಣವೂ ನೆನಪಾಯಿತು, ತಮ್ಮನ ಜೋತುಬಿದ್ದ ಶರ್ಟೂ ನೆನಪಾಯಿತು, ಶರ್ಟೇ ಭಾರವಾಗಿತ್ತು. ಮೊದಲು ಸಮಯ ಬರೆಯೋಣವೆಂದು ಕೈಗಡಿಯಾರ ನೋಡಿದಳು. ಎರಡು ಗಂಟೆ.

ಅಭ್ಯಾಸಬಲದಿಂದ ಕಣ್ಣು ಪರದೆಯ ಮೇಲಿನ ಸಮಯಕ್ಕೂ ಹೋಯಿತು. ಸೊನ್ನೆ ಗಂಟೆ ಐವತ್ತೆರಡು ನಿಮಿಷ.

ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು.

ಬ್ಯಾಟರಿ ತೆಗೆದರೆ ಎಲ್ಲ ನೆನಪೂ ಹೋಗುತ್ತದೆ. ವಾಪಸ್ ಹಾಕಿದ ಕ್ಷಣದಿಂದ ಗಡಿಯಾರ ಮತ್ತೆ ಸೊನ್ನೆಯಿಂದ ನಡೆಯಲು ತೊಡಗುತ್ತದೆ. ಮಷಿನ್ ಆರಿದ್ದರೂ ನಡೆಯುತ್ತಲೇ ಇರುತ್ತದೆ. ಈ ಮಗು ಹುಟ್ಟಿ ಐವತ್ತೆರಡು ನಿಮಿಷ ಆಗಿತ್ತು.

ಎರಡು ಗಂಟೆಯಿಂದ ಐವತ್ತೆರಡು ನಿಮಿಷ ಹಿಂದಕ್ಕೆ ಎಣಿಸಿದಳು. ಒಂದೂ ಎಂಟು.

ಒಂದೂ ಎಂಟಕ್ಕೆ ತಮ್ಮ ಅವಳ ಎದುರಿಗೇ ಕೂತಿದ್ದ. ಗೋಡೆಯ ಗಡಿಯಾರದಲ್ಲಿ ಹತ್ತೊಂಬತ್ತು ನೋಡಿ ಹನ್ನೊಂದು ಕಳೆದವಳು ಅವಳೇ. ಅವನ ಬಾಯಲ್ಲಿ ಬೇಲಿಯ ಮಾತಿತ್ತು. ಅವನು ಬೈದದ್ದು ತನ್ನನ್ನಲ್ಲ ಎಂದು ಅಕ್ಕನಿಗೆ ಈಗ ತಿಳಿಯಿತು.

ಒಂದರಿಂದ ಒಂದೂವರೆವರೆಗೆ ಈ ಬಾಗಿಲಲ್ಲಿ ಕೂತಿದ್ದವರು ಒಬ್ಬರೇ. ಬ್ಯಾಟರಿ ತೆಗೆಯುವುದನ್ನು ಅವರಿಗೆ ಈ ಮೊದಲು ಬೆರಳಿಟ್ಟು ತೋರಿಸಿದವಳೂ ಅವಳೇ. ಕೋಲು ಕೊಟ್ಟು ಹೊಡೆಸಿಕೊಂಡಿದ್ದಳು. ಐದು ನಿಮಿಷ ಹೊರಗಿಡಬೇಕು ಎಂದು ಹೇಳಿದ್ದಳು. ಮತ್ತೆ ಹಾಕಿದ ಮೇಲೆ ಗಡಿಯಾರ ಏನು ಮಾಡುತ್ತದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

"ಬರೀರಿ ಅಕ್ಕಾ," ಎಂದರು ಇನ್ಸ್‌ಪೆಕ್ಟರ್. "ಕೋರ್ಟಿಗೆ ಹೊತ್ತಾಯ್ತು."

"ಬರೀತೀನಿ ಸರ್." ಅವಳು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಕೋರ್ಟಿಗೆ ಕೊಡೋ ಕಾಗದ. ಸಮಯ ಸರಿಯಾಗಿರ್ಬೇಕಲ್ವಾ? ನಾನೇ ಬರ್ಕೊಂಡೆ ಅಂತ ಆಗ್ಬಾರ್ದು. ಸಾಕ್ಷಿಗಳು ಬರೋವರೆಗೂ ಇವರಿದಾರಲ್ಲ." ಅವಳು ಬಾಗಿಲ ಕಡೆ ತಿರುಗಿ ಕರೆದಳು. "ಅಣ್ಣಾ, ಒಂದು ನಿಮಿಷ ಬನ್ನಿ. ಈ ಪರದೆ ಮೇಲೆ ಸಮಯ ಎಷ್ಟಿದೆ ಓದಿ. ಆಮೇಲೆ ನಿಮ್ಮ ವಾಚಲ್ಲಿ ಎಷ್ಟು ಅಂತ ಹೇಳಿ. ಎರಡನ್ನೂ ಬರೆದು ನೀವು ಕೆಳಗೊಂದು ಸಹಿ ಹಾಕಿ."

ಪೇದೆ ಕಡ್ಡಿ ಬಿಸಾಕಿ ಒಳಗೆ ಬಂದ. ಕನ್ನಡಕ ಹುಡುಕಿ ಹಾಕಿಕೊಂಡ. ಬಗ್ಗಿ, ಶಾಲೆಯಲ್ಲಿ ಓದುವವರ ಹಾಗೆ ದೊಡ್ಡದಾಗಿ ಓದಿದ.

"ಸೊನ್ನೆ ಗಂಟೆ... ಐವತ್ತೇಳು ನಿಮಿಷ. ನನ್ನ ವಾಚಲ್ಲಿ ಎರಡು ಗಂಟೆ ಐದು ನಿಮಿಷ. ಇದೇನಕ್ಕ, ಇಷ್ಟೊಂದು ತಪ್ಪು ತೋರಿಸ್ತಿದೆ ಇದು?"

"ತಪ್ಪಲ್ಲ ಅಣ್ಣ. ಬರೀರಿ."

ಅವನು ಬರೆದ. ಸಹಿ ಹಾಕಿದ. ಅಕ್ಕ ಹಾಳೆಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡಳು. ಪೇದೆ ಕನ್ನಡಕ ತೆಗೆದು ಜೇಬಿಗಿಟ್ಟು ಅಲ್ಲೇ ನಿಂತ.

ಇನ್ಸ್‌ಪೆಕ್ಟರ್ ಮೊದಲು ಪರದೆಯನ್ನು ನೋಡಿದರು. ಆಮೇಲೆ ಮಡಿಸಿದ ಹಾಳೆಯನ್ನು, ಆಮೇಲೆ ತಮ್ಮ ಕೈಗಡಿಯಾರವನ್ನು. ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ಲೆಕ್ಕ ಹಾಕುತ್ತಿದ್ದರು.

ಲೆಕ್ಕ ಮುಗಿದ ಮೇಲೆ ಎದ್ದರು. ಅವಸರವಿಲ್ಲದೆ ಬಾಗಿಲವರೆಗೆ ನಡೆದುಹೋಗಿ ಒಳಗಿನಿಂದ ಚಿಲಕ ಹಾಕಿದರು.